ಪಿಕಪ್‌ನಲ್ಲಿ ಇಡಲೊಂದು ಇಶಾಪುರ ಕೋವಿ: ಆಯ್ಕೆ, ದುರಸ್ತಿ, ಬೀಗ

ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ ಆಡು ಸಾಕುವವರ ಪಿಕಪ್‌ಗಳಲ್ಲಿ ಮುಳ್ಳುತಂತಿ, ಇಕ್ಕಳ, ನೀರಿನ ಕ್ಯಾನು, ನೆಕ್ಕುವ ಉಪ್ಪಿನ ಗಡ್ಡೆಗಳ ಜೊತೆಗೆ ಒಂದು ರೈಫಲ್ ಕೂಡ ಇರುತ್ತದೆ. ಇಲ್ಲಿ ಜಮೀನು ಮಾಡಿಕೊಂಡ ಮೇಲೆ ನನಗೂ ಅದರ ಅಗತ್ಯ ಗೊತ್ತಾಯಿತು. ಕಾಡುಹಂದಿಗಳ ಹಿಂಡು ರಾತ್ರಿ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಹುಲ್ಲುಗಾವಲು ಉತ್ತ ಹೊಲವಾಗಿರುತ್ತದೆ. ಆಡುಗಳು ಈಯುವ ಕಾಲದಲ್ಲಿ ತೋಳದ ಜಾತಿಯ ಕಯೋಟಿಗಳು ಎಳೆಮರಿಗಳನ್ನೇ ಹುಡುಕಿಕೊಂಡು ಬರುತ್ತವೆ. ಇವೆರಡಕ್ಕಿಂತ ಕಷ್ಟದ ಸಂದರ್ಭವೂ ಉಂಟು. ಕಾಲು ಮುರಿದುಕೊಂಡು ದೂರದ ಕಣಿವೆಯಲ್ಲಿ ಬಿದ್ದಿರುವ, ಪಶುವೈದ್ಯರು ಬರುವ ತನಕ ನರಳುತ್ತಲೇ ಇರಬೇಕಾದ ನಮ್ಮದೇ ಆಡು. ಆ ಹೊತ್ತಿನಲ್ಲಿ ಮನೆಗೆ ಹೋಗಿ ಕೋವಿ ತರುತ್ತೇನೆ ಎಂದರೆ ಆ ಪ್ರಾಣಿಗೆ ಇನ್ನೂ ಒಂದು ಗಂಟೆ ಹಿಂಸೆ.

ಆದ್ದರಿಂದ ಬೇಕಾದದ್ದು ಗಾಡಿಯಲ್ಲೇ ಇರುವ ಕೋವಿ. ಅದು ಅಗ್ಗವಾಗಿರಬೇಕು, ಗಟ್ಟಿಯಾಗಿರಬೇಕು. ಗಾಡಿಯಲ್ಲಿ ಕೋವಿ ಎದುರಿಸುವ ಶತ್ರುಗಳೇ ಬೇರೆ. ಸುಣ್ಣಕಲ್ಲಿನ ರಸ್ತೆಯ ಬಿಳಿ ಧೂಳು ಮುಚ್ಚಿದ ಕಿಟಕಿಯ ಸಂದಿಯಿಂದಲೂ ಒಳಗೆ ಬರುತ್ತದೆ. ಆಗಸ್ಟ್‌ನಲ್ಲಿ ಬಿಸಿಲಿಗೆ ನಿಂತ ಗಾಡಿಯ ಒಳಗೆ ಕೈ ಇಡಲಾಗದಷ್ಟು ಕಾವು. ಚಳಿಗಾಲದ ಬೆಳಗ್ಗೆ ಹೀಟರ್ ಹಾಕಿದ ಕೂಡಲೇ ತಣ್ಣಗಿದ್ದ ಉಕ್ಕಿನ ಮೇಲೆ ನೀರ ಹನಿ ಕೂರುತ್ತದೆ. ದಿನವಿಡೀ ಕುಲುಕಾಟ ಬೇರೆ. ಈ ನಾಲ್ಕನ್ನೂ ತಡೆದುಕೊಳ್ಳುವುದು ಯಾವುದು ಎಂಬ ಪ್ರಶ್ನೆಯಿಂದ ಆಯ್ಕೆ ಶುರುವಾಗಬೇಕು. ಮುನ್ನೂರು ಗಜ ದೂರದ ಗುರಿಯನ್ನು ಎಷ್ಟು ಚೊಕ್ಕಟವಾಗಿ ಹೊಡೆಯುತ್ತದೆ ಎಂಬುದು ಆಮೇಲಿನ ಮಾತು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡಿ, ಬೆಲೆಬಾಳುವ ದುರ್ಬೀನು ಕೂರಿಸಿದ ಕೋವಿಯನ್ನು ಗಾಡಿಗೆ ಹಾಕಿ ಹಾಳು ಮಾಡುತ್ತಾರೆ.

ಯಾವುದನ್ನೆಲ್ಲ ನೋಡಿದೆ

ಈ ಕಡೆಯ ಹಿರಿಯರನ್ನು ಕೇಳಿದರೆ ಉತ್ತರ ಒಂದೇ: .30-30. ಮಾರ್ಲಿನ್ 336 ಅಥವಾ ವಿಂಚೆಸ್ಟರ್ 94. 1895ರಿಂದ ಬಳಕೆಯಲ್ಲಿರುವ ತೋಟಾ ಅದು. ಕೋವಿ ಚಪ್ಪಟೆಯಾಗಿ, ಗಿಡ್ಡವಾಗಿ, ಹಗುರವಾಗಿರುತ್ತದೆ. ಸೀಟಿನ ಹಿಂದೆ ಸಲೀಸಾಗಿ ಕೂರುತ್ತದೆ. ಮಾರ್ಲಿನ್‌ನಲ್ಲಿ ಕೆಳಗಿನ ಸನ್ನೆಯ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟ್ (ತೋಟಾವನ್ನು ನಳಿಕೆಯೊಳಗೆ ತಳ್ಳಿ ಮುಚ್ಚುವ ಉಕ್ಕಿನ ತುಂಡು) ಹಿಂದಿನಿಂದ ಹೊರಬರುತ್ತದೆ, ಅಲ್ಲಿಂದಲೇ ನಳಿಕೆ ಉಜ್ಜಬಹುದು. ವಿಂಚೆಸ್ಟರ್ ಬಿಚ್ಚಲು ಮೇಜು, ಬೆಳಕು, ತಾಳ್ಮೆ ಮೂರೂ ಬೇಕು. ಎರಡೂ ಒಳ್ಳೆಯ ಕೋವಿಗಳು. ಆದರೆ ಅವುಗಳ ಬೆಲೆ ಈಗ 'ಅಗ್ಗ' ಎಂಬ ಪದದಿಂದ ಬಹಳ ದೂರ ಹೋಗಿದೆ.

ಒಂದು ಕಾಲದಲ್ಲಿ ರಷ್ಯಾದ ಮೋಸಿನ್ ಕೋವಿಗಳು ನೂರು ಡಾಲರಿನೊಳಗೆ ಸಿಗುತ್ತಿದ್ದವು. ಆ ಕಾಲ ಮುಗಿಯಿತು. ಸಿಕ್ಕರೂ ಅದರ ಸುರಕ್ಷತಾ ಬೀಗ ಹಾಕಲು ಬೋಲ್ಟಿನ ಹಿಂದಿನ ಗುಂಡಿಯನ್ನು ಬಲವಾಗಿ ಎಳೆದು ತಿರುಗಿಸಬೇಕು. ಕೈಗವಸು ಹಾಕಿಕೊಂಡು ಅದನ್ನು ಮಾಡಲು ನಾನು ಒಪ್ಪುವುದಿಲ್ಲ. ಎಸ್‌ಕೆಎಸ್ ಗಟ್ಟಿಮುಟ್ಟು ಕೋವಿ, ಆದರೆ ಅದರ ಬೋಲ್ಟಿನೊಳಗಿನ, ತೋಟಾದ ಬುಡಕ್ಕೆ ಬಡಿಯುವ ಮೊನೆಕಡ್ಡಿ ಸಡಿಲವಾಗಿ ಓಡಾಡುವಂಥದ್ದು. ಹಳೆಯ ಗ್ರೀಸಿನಿಂದಲೋ ಕೊಳೆಯಿಂದಲೋ ಅದು ಮುಂದಕ್ಕೆ ಸಿಕ್ಕಿಕೊಂಡರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಧೂಳೇ ಮುಖ್ಯ ಶತ್ರುವಾಗಿರುವ ಕಡೆ ಅಂಥ ಯಂತ್ರ ಬೇಡ ಅನ್ನಿಸಿತು. ಒಂಟಿ ತೋಟಾದ, ನಡು ಮುರಿಯುವ ಎಚ್ ಅಂಡ್ ಆರ್ ಹ್ಯಾಂಡಿ-ರೈಫಲ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 2015ರಲ್ಲಿ ಅದರ ತಯಾರಿಕೆ ನಿಂತಿತು, ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಇಟ್ಟುಕೊಂಡವರು ಮಾರುವುದಿಲ್ಲ.

ಹೊಸದನ್ನೇ ಕೊಳ್ಳುವವರಿಗೆ ರೂಗರ್ ಅಮೆರಿಕನ್ ರ‍್ಯಾಂಚ್ ಸಾಕು. 16 ಇಂಚಿನ ಗಿಡ್ಡ ನಳಿಕೆ, ಪ್ಲಾಸ್ಟಿಕ್ ಹಿಡಿ, ಸರಳವಾದ ಬೋಲ್ಟ್. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಆಸೆ ಇಲ್ಲದವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಕಾರ್ಖಾನೆಯಿಂದ ಬರುವಾಗ ಅದರ ಮೇಲೆ ಕಬ್ಬಿಣದ ಗುರಿಸಾಧನ ಇರುವುದಿಲ್ಲ, ದುರ್ಬೀನು ಹಾಕಲೇಬೇಕು. ಕುಲುಕುವ ಗಾಡಿಯಲ್ಲಿ ದುರ್ಬೀನನ್ನು ನಂಬಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಮನಸ್ಸು ನಿಂತದ್ದು ನಮ್ಮ ದೇಶದಲ್ಲೇ ತಯಾರಾದ ಕೋವಿಯ ಮೇಲೆ.

ಇಶಾಪುರದ 2ಎ1

ಪಶ್ಚಿಮ ಬಂಗಾಳದಲ್ಲಿ, ಹೂಗ್ಲಿ ನದಿಯ ದಡದಲ್ಲಿ ಇಶಾಪುರ ರೈಫಲ್ ಕಾರ್ಖಾನೆ ಇದೆ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಲೀ-ಎನ್‌ಫೀಲ್ಡ್ .303 ರೈಫಲ್‌ಗಳು ತಯಾರಾಗುತ್ತಿದ್ದವು. 1962ರ ಚೀನಾ ಯುದ್ಧದ ನಂತರ ನಮ್ಮ ಸೇನೆ 7.62 ಮಿ.ಮೀ. ನ್ಯಾಟೋ ತೋಟಾಕ್ಕೆ ಹೊರಳುತ್ತಿದ್ದಾಗ, ಕೈಗೆ ಒಗ್ಗಿದ್ದ ಹಳೆಯ ವಿನ್ಯಾಸವನ್ನೇ ಹೊಸ ತೋಟಾಕ್ಕೆ ಹೊಂದಿಸಿ, ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಅಲ್ಲಿ ಮಾಡಿದ ಕೋವಿ 2ಎ. ಅದರ ಗುರಿಪಟ್ಟಿಯ ಮೇಲೆ 2000 ಮೀಟರ್‌ವರೆಗೆ ಗುರುತುಗಳಿದ್ದವು. ಅದನ್ನು 800ಕ್ಕೆ ಇಳಿಸಿದ ಮೇಲೆ ಹೆಸರು 2ಎ1 ಆಯಿತು. .303ರಲ್ಲಿ ಹತ್ತು ತೋಟಾದ ಮ್ಯಾಗಜಿನ್ ಇದ್ದರೆ ಇದರಲ್ಲಿ ಹನ್ನೆರಡರದು. ಅದರ ತಳ ಚೌಕಾಕಾರ, ದೂರದಿಂದಲೇ ಗುರುತು ಹಿಡಿಯಬಹುದು. ಕರ್ನಾಟಕದಲ್ಲಿ ಬೆಳೆದವರು ಈ ಕುಲದ ಕೋವಿಯನ್ನು ಬ್ಯಾಂಕು, ಖಜಾನೆಗಳ ಮುಂದೆ ಕಾವಲು ನಿಂತ ಪೊಲೀಸರ ಹೆಗಲ ಮೇಲೆ ನೋಡಿಯೇ ಇರುತ್ತಾರೆ. ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಪರವಾನಗಿ ಇರುವವರ ಬಳಿ ಕಾಣುವ .315 ರೈಫಲ್ಲೂ ಇಶಾಪುರದ್ದೇ, ಅದೂ ಲೀ-ಎನ್‌ಫೀಲ್ಡ್ ವಂಶದ್ದೇ. ಸೇನೆಯ ತೋಟಾ ಬಳಸುವ ಕೋವಿ ಭಾರತದಲ್ಲಿ ನಾಗರಿಕರಿಗೆ ನಿಷಿದ್ಧವಾದ್ದರಿಂದ ಅಲ್ಲಿ ಅದಕ್ಕೆ ಬೇರೆ ಅಳತೆ ಕೊಟ್ಟರು. ಅಮೆರಿಕಕ್ಕೆ ಮಾತ್ರ 2ಎ1ಗಳೇ ಹಳೆಯ ಸೇನಾ ದಾಸ್ತಾನಾಗಿ ರಾಶಿರಾಶಿ ಬಂದವು.

ಭಾವನೆಯ ಎಳೆ ಇದರಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಗಾಡಿಯ ಕೆಲಸಕ್ಕೆ ಇದು ತಾನಾಗಿಯೇ ಗೆಲ್ಲುವ ಕಾರಣಗಳೂ ಇವೆ. ಬೋಲ್ಟ್ ಬಿಚ್ಚಲು ಯಾವ ಉಪಕರಣವೂ ಬೇಡ: ಹಿಂದಕ್ಕೆ ಪೂರ್ತಿ ಎಳೆದು, ಅದರ ತಲೆಯನ್ನು ಮೇಲಕ್ಕೆ ಎತ್ತಿದರೆ ಹಿಡಿತ ಬಿಟ್ಟು ಕೈಗೆ ಬರುತ್ತದೆ. ಮುಚ್ಚಿದ ಬೋಲ್ಟನ್ನು ಬಿಗಿಯಾಗಿ ಹಿಡಿಯುವ ಕಚ್ಚುಗಳು ಅದರ ಹಿಂಭಾಗದಲ್ಲಿ, ತೆರೆದ ಜಾಗದಲ್ಲಿ ಇರುವುದರಿಂದ ಅಲ್ಲಿ ಧೂಳು ಸೇರಿದರೂ ಬಟ್ಟೆಯಿಂದ ಒರೆಸಬಹುದು. ಮುಂದಿನ ಗುರಿಮೊನೆಗೆ ಎರಡೂ ಪಕ್ಕದಲ್ಲಿ ದಪ್ಪ ಉಕ್ಕಿನ ಕಿವಿಗಳ ರಕ್ಷಣೆ ಇದೆ. ಹಿಂದಿನ ಹಿಡಿಯ ತಳದ ಚಿಕ್ಕ ಬಾಗಿಲು ತೆರೆದರೆ ಎಣ್ಣೆ ಬಾಟಲಿ, ನಳಿಕೆ ಉಜ್ಜುವ ಹಗ್ಗ ಇಡಲು ಗೂಡಿದೆ. ಇನ್ನು, 7.62 ನ್ಯಾಟೋದ ನಾಗರಿಕ ಜೋಡಿಯಾದ .308 ವಿಂಚೆಸ್ಟರ್ ತೋಟಾ ಇಲ್ಲಿನ ಯಾವ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅನನುಕೂಲ ಎಂದರೆ ಉದ್ದ. 44.5 ಇಂಚು, ಅಂದರೆ ಸುಮಾರು 113 ಸೆಂ.ಮೀ. ತೂಕವೂ ಕಡಿಮೆಯಲ್ಲ. ನಳಿಕೆ ಕತ್ತರಿಸಿ ಗಿಡ್ಡ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಗುರಿಮೊನೆ, ಮರದ ಜೋಡಣೆ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ, ಜೊತೆಗೆ ಅರ್ಧ ಶತಮಾನ ಬಾಳಿದ ವಸ್ತುವೊಂದು ವಿಕಾರವಾಗುತ್ತದೆ. ನಾನು ಅದಕ್ಕೆ ಕೈ ಹಾಕಲಿಲ್ಲ.

ಅಂಗಡಿಯಲ್ಲಿ ನೋಡಿದ್ದು

ಗಿರವಿ ಅಂಗಡಿಯೊಂದರಲ್ಲಿ ಸಿಕ್ಕಿತು. ಬೆಲೆ 425 ಡಾಲರ್. ಬಲಬದಿಯಲ್ಲಿ, ಬೋಲ್ಟಿನ ಹಿಡಿಕೆಯ ಕೆಳಗೆ ಅಶೋಕ ಸಿಂಹದ ಮುದ್ರೆ, ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಅಕ್ಷರಗಳು, 1967, ಅದರ ಕೆಳಗೆ 7.62 ಮಿ.ಮೀ. 2ಎ1 ಎಂಬ ಕೆತ್ತನೆ. ಈ ಕೆತ್ತನೆಯನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬಾರದು. ಹಳೆಯ .303 ಚೌಕಟ್ಟಿಗೆ (ನಳಿಕೆ, ಬೋಲ್ಟ್ ಕೂರುವ ಉಕ್ಕಿನ ಭಾಗ) ಯಾರೋ 7.62 ನಳಿಕೆ ತಿರುಗಿಸಿ ಹಾಕಿದ್ದರೆ ಅದು ಬೇರೆಯೇ ವಸ್ತು. ಆ ಉಕ್ಕನ್ನು ಈ ಒತ್ತಡಕ್ಕೆ ಮಾಡಿದ್ದಲ್ಲ. 'ಡಿಪಿ' ಎಂಬ ಅಕ್ಷರ ಇದ್ದರೆ ಅದು ಕವಾಯತಿನ ಕೋವಿ, ಗುಂಡು ಹಾರಿಸಲು ಅಲ್ಲ. ಮುಂದಿನ ಮರದ ಸುತ್ತ ತಂತಿ ಸುತ್ತಿದ್ದರೆ ಅದು ಗ್ರೆನೇಡ್ ಎಸೆಯಲು ದುಡಿದು ದಣಿದ ಕೋವಿ, ಅದನ್ನೂ ಬಿಟ್ಟುಬಿಡಬೇಕು.

ಚೌಕಟ್ಟಿನ ಮೇಲಿನ ಸಂಖ್ಯೆ ಮತ್ತು ಬೋಲ್ಟ್ ಹಿಡಿಕೆಯ ಹಿಂಬದಿಯ ಸಂಖ್ಯೆ ಒಂದೇ ಆಗಿತ್ತು. ಇದು ಸಣ್ಣ ವಿಷಯವಲ್ಲ. ನಂಬರ್ 4 ಎಂಬ ನಂತರದ ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ತಲೆಗಳು 0, 1, 2, 3 ಎಂಬ ಅಳತೆಗಳಲ್ಲಿ ಬರುತ್ತವೆ. ಸವೆದರೆ ಮುಂದಿನ ಅಳತೆಯದನ್ನು ತಿರುಗಿಸಿ ಹಾಕಬಹುದು. ಅದಕ್ಕಿಂತ ಹಳೆಯ ನಂಬರ್ 1 ವಂಶದ ಈ ಕೋವಿಗೆ ಆ ಸೌಲಭ್ಯವಿಲ್ಲ. ಪ್ರತಿಯೊಂದನ್ನೂ ಅದರದೇ ಚೌಕಟ್ಟಿಗೆ ಉಜ್ಜಿ ಹೊಂದಿಸಿದ್ದು. ಬೋಲ್ಟ್ ಬದಲಾಗಿದ್ದರೆ ಲೆಕ್ಕವೇ ಬದಲಾಗುತ್ತದೆ.

ನಳಿಕೆಯ ಒಳಗೆ ದೀಪ ಬಿಟ್ಟು ನೋಡಿದೆ. ಸುರುಳಿ ಗೆರೆಗಳು ಕಪ್ಪಾಗಿದ್ದರೂ ಅಂಚು ಮೊಂಡಾಗಿರಲಿಲ್ಲ. ಮರ ಎಣ್ಣೆ ಕುಡಿದು ಕರ‍್ರಗಾಗಿತ್ತು. ಲೋಹದ ಮೇಲೆ ದಪ್ಪ ಕಪ್ಪು ಬಣ್ಣ, ಅಂಚುಗಳಲ್ಲಿ ಎದ್ದಿತ್ತು.

ಬಿಚ್ಚುವ ಕ್ರಮ

ಮೊದಲು ಮ್ಯಾಗಜಿನ್, ಆಮೇಲೆ ಬೋಲ್ಟ್. ತೋಟಾಕೋಣೆಗೆ ಬೆರಳು ಹಾಕಿ ಖಾಲಿಯಾಗಿರುವುದನ್ನು ಮುಟ್ಟಿ ನೋಡಿಕೊಂಡೆ. ಕಣ್ಣಿನ ಮೇಲಷ್ಟೇ ಭರವಸೆ ಇಡುವುದು ಬೇಡ. ನಂತರ ಮುಂದಿನ ಮೂತಿಕಟ್ಟು, ನಡುವಿನ ಪಟ್ಟಿ, ಟ್ರಿಗರ್ ಕಾವಲಿನ ಸ್ಕ್ರೂಗಳು, ಕೊನೆಗೆ ಮುಂದಿನ ಮರ. ಸ್ಕ್ರೂಗಳ ಸೀಳಿಗೆ ಸರಿಯಾಗಿ ಕೂರುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಉಜ್ಜಿ ತೆಳುಮಾಡಿಕೊಳ್ಳುವುದು ಒಳ್ಳೆಯದು. ಬ್ರಿಟಿಷ್ ವಿನ್ಯಾಸದ ಸೀಳುಗಳು ಕಿರಿದು. ಸಾಮಾನ್ಯ ಸ್ಕ್ರೂಡ್ರೈವರ್ ಜಾರಿದರೆ ಸ್ಕ್ರೂ ತಲೆಯೂ ಹೋಗುತ್ತದೆ, ಮರಕ್ಕೂ ಗೀರು ಬೀಳುತ್ತದೆ.

ಈ ಕುಲದ ಕೋವಿ ಬಿಚ್ಚುವವರು ಎದೆಯಲ್ಲಿ ಬರೆದಿಟ್ಟುಕೊಳ್ಳಬೇಕಾದ ನಿಯಮ ಒಂದಿದೆ. ಹಿಂದಿನ ಹಿಡಿಯೊಳಗೆ ಉದ್ದದ ಒಂದು ಬೋಲ್ಟ್ ಇದೆ, ಅದರ ತುದಿ ಚೌಕಾಕಾರ. ಆ ಚೌಕ ತಿರುಗದಂತೆ ಮುಂದಿನ ಮರದ ಹಿಂತುದಿಯಲ್ಲಿರುವ ಪುಟ್ಟ ತಗಡು ಅದನ್ನು ಕಚ್ಚಿ ಹಿಡಿದಿರುತ್ತದೆ. ಮುಂದಿನ ಮರ ತೆಗೆಯದೆ ಹಿಂದಿನ ಬೋಲ್ಟ್ ತಿರುಗಿಸಿದರೆ ಆ ಚೌಕ ಮುಂದಿನ ಮರವನ್ನು ಒಳಗಿನಿಂದಲೇ ಸೀಳಿಹಾಕುತ್ತದೆ. ಹಳೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಕಾಣುವ ಎಷ್ಟೋ ಸೀಳುಗಳಿಗೆ ಯುದ್ಧವಲ್ಲ, ಇದೇ ಕಾರಣ. ಮುಂದಿನದು ಮೊದಲು, ಹಿಂದಿನದು ನಂತರ. ಜೋಡಿಸುವಾಗ ತದ್ವಿರುದ್ಧ ಕ್ರಮ, ಮತ್ತು ಆ ಚೌಕ ನೆಟ್ಟಗೆ ನಿಂತಿರುವುದನ್ನು ನೋಡಿಕೊಂಡೇ ಮುಂದಿನ ಮರ ಕೂರಿಸಬೇಕು.

ಬೋಲ್ಟಿನ ಒಳಗೆ ಗ್ರೀಸು ಒಣಗಿ ಕಂದುಬಣ್ಣದ ಅಂಟಾಗಿ ನಿಂತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದ್ದಾಯಿತು. ಮೊನೆಕಡ್ಡಿಯ ಸ್ಪ್ರಿಂಗ್ ತೊಳೆದು ಒಣಗಿಸಿದ ಮೇಲೆ ಬೋಲ್ಟ್ ಮುಚ್ಚುವಾಗಿನ ಸದ್ದೇ ಬದಲಾಯಿತು.

ಮುಂದಿನ ಮರ

ಈ ದುರಸ್ತಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಹೆಚ್ಚು ಫಲ ಕೊಟ್ಟದ್ದೂ ಇದೇ.

ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಚೌಕಟ್ಟಿನಿಂದ ಮರಕ್ಕೆ ದಾಟಿಸುವುದು ಮ್ಯಾಗಜಿನ್ ಪಕ್ಕದ, ಹಿಂಬದಿಯ ಎರಡು ಚಿಕ್ಕ ಮುಖಗಳು. ಎರಡೂ ಕಡೆ ಮರ ಲೋಹಕ್ಕೆ ಸಮನಾಗಿ ಒತ್ತಿಕೊಂಡಿರಬೇಕು. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಮೆತ್ತಗಾಗಿ ಅಲ್ಲಿ ಕುಸಿದಿದ್ದರೆ, ಒದೆತಕ್ಕೆ ಮರವೆಲ್ಲ ಹಿಂದೆ ಸರಿದು, ಹಿಂದಿನ ಹಿಡಿಯ ಉಕ್ಕಿನ ಬಾಯಿಗೆ ಹೋಗಿ ಬಡಿಯುತ್ತದೆ. ಅಲ್ಲಿಂದ ಸೀಳು ಹುಟ್ಟುತ್ತದೆ. ಆದ್ದರಿಂದ ಮುಂದಿನ ಮರದ ಹಿಂತುದಿಗೂ ಆ ಉಕ್ಕಿಗೂ ನಡುವೆ ಕಾಗದ ತೂರುವಷ್ಟಾದರೂ ಸಂದು ಇರಲೇಬೇಕು.

ಪರೀಕ್ಷೆಗೆ ದೀಪದ ಮಸಿ ಬಳಸಿದೆ. ಎಣ್ಣೆದೀಪದ ಮೇಲೆ ತಗಡು ಹಿಡಿದು ಕಟ್ಟಿದ ಮಸಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ, ಚೌಕಟ್ಟಿನ ಆ ಎರಡು ಮುಖಗಳಿಗೆ ಬೆರಳಿನಿಂದ ತೆಳುವಾಗಿ ಸವರಿ, ಮರ ಕೂರಿಸಿ, ಸ್ಕ್ರೂ ಬಿಗಿದು, ಮತ್ತೆ ಬಿಚ್ಚಿದೆ. ಎಡಗಡೆ ಇಡೀ ಮುಖ ಕಪ್ಪಾಗಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ ಮಾತ್ರ ಒಂದು ಚುಕ್ಕೆ. ಅಂದರೆ ಒದೆತವನ್ನೆಲ್ಲ ಎಡಗಡೆಯೊಂದೇ ಹೊರುತ್ತಿತ್ತು.

ಬಲಗಡೆಯ ಮೆತ್ತಗಾದ ಮರವನ್ನು ಚೂಪಾದ ಉಳಿಯಿಂದ, ಉಗುರಿನಷ್ಟು ದಪ್ಪ ಕೆತ್ತಿ ತೆಗೆದೆ. ಮರ ಎಣ್ಣೆ ಕುಡಿದಿದ್ದರೆ ಅಂಟು ಹಿಡಿಯುವುದಿಲ್ಲ. ಹಾಗಾಗಿ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿ ಒತ್ತಿಟ್ಟು, ಹತ್ತಿ ಹಳದಿಯಾಗುವುದು ನಿಲ್ಲುವವರೆಗೂ ಬದಲಿಸುತ್ತ ಹೋದೆ. ಗಟ್ಟಿಮರದ ಒಂದು ಚಕ್ಕೆಯನ್ನು, ಎಳೆ ಅದೇ ದಿಕ್ಕಿಗೆ ಬರುವಂತೆ ಕತ್ತರಿಸಿ ಎಪಾಕ್ಸಿಯಿಂದ ಅಂಟಿಸಿದೆ. ಒಣಗಿದ ಮೇಲೆ ಮತ್ತೆ ಮಸಿ, ಮತ್ತೆ ಅರ, ಮತ್ತೆ ಮಸಿ. ಎರಡೂ ಮುಖಗಳು ಸಮನಾಗಿ ಕಪ್ಪಾಗುವವರೆಗೆ ಇದೇ ಕೆಲಸ. ಅವಸರ ಮಾಡಿದರೆ ಹೆಚ್ಚು ಉಜ್ಜಿಹೋಗುತ್ತದೆ, ಆಮೇಲೆ ಚಕ್ಕೆ ಕಿತ್ತು ಮೊದಲಿನಿಂದ ಶುರು ಮಾಡಬೇಕು.

2ಎ1ರ ಮುಂದಿನ ಮರಕ್ಕೆ, ಮ್ಯಾಗಜಿನ್‌ಗಿಂತ ಸ್ವಲ್ಪ ಮುಂದೆ, ಅಡ್ಡಲಾಗಿ ಒಂದು ಬಲಪಡಿಸುವ ಸ್ಕ್ರೂ ಇರುತ್ತದೆ. ನೋಡಲು ಚೆಂದವಿಲ್ಲ ಎಂದು ಕೆಲವರು ಅದನ್ನು ತೆಗೆದು ತೂತು ಮುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರ ಅಲ್ಲಿ ಸೀಳದಿರಲಿ ಎಂದೇ ಇಶಾಪುರದವರು ಅದನ್ನು ಹಾಕಿದ್ದು.

ಹೊರಗಿನ ಮರದಲ್ಲಿದ್ದ ಜಜ್ಜುಗಳ ಮೇಲೆ ಒದ್ದೆ ಬಟ್ಟೆ ಇಟ್ಟು, ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಆವಿಗೆ ಮರದ ಎಳೆ ಉಬ್ಬಿ ಮೇಲೆ ಬರುತ್ತದೆ. ಮರಳುಕಾಗದ ಹೆಚ್ಚು ಹಾಕಲಿಲ್ಲ, ಮುದ್ರೆಗಳು ಅಳಿಸಿಹೋಗಬಾರದು. ಕೊನೆಗೆ ಅಗಸೆ ಎಣ್ಣೆ, ಒಂದೊಂದು ತೆಳು ಪದರ, ಅಂಗೈಯಿಂದ ಬಿಸಿಯಾಗುವಂತೆ ಉಜ್ಜಿ, ಒಣಗಲು ಬಿಟ್ಟು, ಮತ್ತೊಂದು ಪದರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ.

ತೋಟಾಕೋಣೆಯ ಅಳತೆ

ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಭುಜ ತಾಗುವ ಜಾಗಕ್ಕೂ ನಡುವಿನ ದೂರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಅದು ಹೆಚ್ಚಾದರೆ ತೋಟಾದ ಹಿತ್ತಾಳೆಯ ಕೊಳವೆ ಹಿಗ್ಗಿ ಸೀಳಬಹುದು, ಬಿಸಿ ಅನಿಲ ಮುಖದತ್ತ ನುಗ್ಗಬಹುದು. ಹಳೆಯ ಕೋವಿ ಕೊಂಡವರು ಇದನ್ನು ಅಳೆಯದೆ ಒಂದು ಗುಂಡೂ ಹಾರಿಸಬಾರದು.

.308ರ ಅಳತೆಗೋಲುಗಳು ಮೂರು: 1.630 ಇಂಚಿನ 'ಗೋ', 1.634ರ 'ನೋ-ಗೋ' (ಹೊಸ ಕೋಣೆಯಲ್ಲಿ ಬೋಲ್ಟ್ ಇದಕ್ಕೆ ಮುಚ್ಚಬಾರದು), 1.638ರ 'ಫೀಲ್ಡ್' (ಬಳಸಿ ಸವೆದ ಕೋವಿಯಲ್ಲೂ ಇದಕ್ಕೆ ಮುಚ್ಚಬಾರದು). ಸೇನೆಯ 7.62ರ ಕೋಣೆ ಇದಕ್ಕಿಂತ ಸಡಿಲ. ಅದರ ಕೊನೆಯ ಮಿತಿ 1.6455. ಸೇನೆಯ ತೋಟಾದ ಹಿತ್ತಾಳೆ ಸಾಮಾನ್ಯವಾಗಿ ದಪ್ಪ, ಅದಕ್ಕೆ ಆ ಸಡಿಲು ಸರಿಹೋಗುತ್ತದೆ. ಬೋಲ್ಟನ್ನು ಬೆರಳ ತುದಿಯಿಂದ ಮಾತ್ರ ತಳ್ಳಿ ನೋಡಬೇಕು, ಜೋರು ಹಾಕಿದರೆ ಅಳತೆಗೋಲೂ ಹಾಳು, ಅಳತೆಯೂ ಸುಳ್ಳು. ನನ್ನದು 1.630ಕ್ಕೆ ಸಲೀಸಾಗಿ ಮುಚ್ಚಿತು, 1.634ಕ್ಕೂ ಮುಚ್ಚಿತು, 1.638ಕ್ಕೆ ಅರ್ಧದಲ್ಲೇ ನಿಂತಿತು. ಸೇನಾ ಕೋಣೆಗೆ ಇದು ಬಹಳ ಒಳ್ಳೆಯ ಅಳತೆ, .308ಕ್ಕೂ ಬಳಕೆಯ ಮಿತಿಯೊಳಗೇ ಇದೆ. ಆದರೂ ಪಟ್ಟಣದ ಕೋವಿ ಮೆಕ್ಯಾನಿಕ್ ಹತ್ತಿರ ಒಯ್ದು ಅವರ ಅಳತೆಗೋಲಿನಲ್ಲೂ ನೋಡಿಸಿದೆ. ಕಚ್ಚುಗಳಲ್ಲಿ ಬಿರುಕಿಲ್ಲ ಎಂಬುದನ್ನೂ ಅವರೇ ಖಚಿತಪಡಿಸಿದರು.

7.62 ಕೋವಿಯಲ್ಲಿ .308 ಹಾರಿಸಬಹುದೇ ಎಂಬ ವಾದ ಇಲ್ಲಿ ಎಂದಿಗೂ ಮುಗಿಯುವುದಿಲ್ಲ. ಅರ್ಧ ಗೊಂದಲಕ್ಕೆ ಕಾರಣ ಹಳೆಯ ಪುಸ್ತಕಗಳಲ್ಲಿ 7.62ರ ಒತ್ತಡ 50,000 ಎಂದೂ .308ರದು 62,000 ಎಂದೂ ಇರುವುದು. ಮೊದಲನೆಯದು ತಾಮ್ರದ ತುಂಡು ಜಜ್ಜುವುದನ್ನು ಅಳೆದು ಪಡೆದದ್ದು, ಎರಡನೆಯದು ವಿದ್ಯುತ್ ಸಂವೇದಕದಿಂದ ಅಳೆದದ್ದು. ಅದೇ ಹೊಸ ವಿಧಾನದಲ್ಲಿ ನ್ಯಾಟೋ ತೋಟಾದ ಮಿತಿಯೂ ಸುಮಾರು 60,000ದ ಆಸುಪಾಸಿನಲ್ಲೇ ಇದೆ. ಹಾಗೆಂದು ನಾನು ಧೈರ್ಯಕ್ಕೆ ಕೈ ಹಾಕುವುದಿಲ್ಲ. ಕಚ್ಚುಗಳು ಹಿಂಭಾಗದಲ್ಲಿರುವ ಬೋಲ್ಟ್ ಒತ್ತಡಕ್ಕೆ ಕೊಂಚ ಬಾಗುತ್ತದೆ. ಸಾಧಾರಣ ಬಲದ, 150 ಗ್ರೇನ್ ತೂಕದ ಗುಂಡಿನ, ಮೆತ್ತನೆಯ ಮೂತಿಯ ತೋಟಾ ಮಾತ್ರ ಬಳಸುತ್ತೇನೆ. ಹೆಚ್ಚು ವೇಗ ಎಂದು ಡಬ್ಬಿಯ ಮೇಲೆ ಜಂಬ ಕೊಚ್ಚುವ ತೋಟಾಗಳನ್ನು ಇದರ ಹತ್ತಿರ ತರುವುದಿಲ್ಲ. ಹಾರಿಸಿದ ಕೊಳವೆಗಳಿಗೆ ಮತ್ತೆ ಮದ್ದು ತುಂಬುವುದೂ ಇಲ್ಲ.

ಗುರಿ ಹೊಂದಿಸಿದ್ದು

ಮೊದಲ ಗುಂಡುಗಳು ಬಲಕ್ಕೆ, ಕೊಂಚ ಮೇಲಕ್ಕೆ ಹೋದವು. ಈ ಕೋವಿಯ ಗುರಿಪಟ್ಟಿ ಎಡಬಲಕ್ಕೆ ಸರಿಯುವುದಿಲ್ಲ, ಮುಂದಿನ ಗುರಿಮೊನೆಯನ್ನೇ ಸರಿಸಬೇಕು. ಗುಂಡು ಎತ್ತ ಹೋಗುತ್ತದೋ ಅತ್ತಲೇ ಮೊನೆ ಸರಿಯಬೇಕು ಎಂಬುದು ಲೆಕ್ಕ. ಹಿತ್ತಾಳೆಯ ಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಲಕ್ಕೆ ತಟ್ಟಿದೆ. ಎತ್ತರ ತಗ್ಗಿಸಲು ಇನ್ನಷ್ಟು ಉದ್ದದ ಮೊನೆ ತರಿಸಿ ಹಾಕಿದೆ. ಈಗ 100 ಗಜದಲ್ಲಿ ಐದು ಗುಂಡುಗಳು ನಾಲ್ಕು ಇಂಚಿನೊಳಗೆ ಬೀಳುತ್ತವೆ. ಮುಂದಿನ ಮರ ಸರಿಮಾಡುವ ಮೊದಲು ಇದೇ ಕೋವಿ ಇದರ ಎರಡರಷ್ಟು ಹರಡುತ್ತಿತ್ತು ಎಂದು ಅಂಗಡಿಯವರ ಹಳೆಯ ಗುರಿಹಾಳೆ ಹೇಳುತ್ತದೆ. ಕಾಡುಹಂದಿಗೆ ನೂರು ಗಜ ಸಾಕು. ಅದಕ್ಕಿಂತ ದೂರದ ಪ್ರಾಣಿಗೆ ಬರಿಗಣ್ಣಿನ ಗುರಿಯಲ್ಲಿ ಹೊಡೆದು ಗಾಯಮಾಡಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಮನೆಯ ಕಪಾಟಿನಲ್ಲಿಡುವ ಕೋವಿಗೆ ಎಣ್ಣೆ ಹಚ್ಚುವಂತೆ ಗಾಡಿಯ ಕೋವಿಗೆ ಹಚ್ಚಬಾರದು. ಇಲ್ಲಿನ ಸುಣ್ಣದ ಧೂಳು ಎಣ್ಣೆಗೆ ಸೇರಿದರೆ ಸಾಣೆಹಿಟ್ಟಿನಂತಾಗಿ ಬೋಲ್ಟಿನ ದಾರಿಯನ್ನೇ ತಿನ್ನುತ್ತದೆ. ಕಚ್ಚುಗಳಿಗೆ ತೆಳುವಾಗಿ ಗ್ರೀಸ್, ಉಳಿದ ಜಾರುವ ಜಾಗಕ್ಕೆಲ್ಲ ಒಣ ಗ್ರಾಫೈಟ್. ಹೊರಗಿನ ಲೋಹಕ್ಕೆ ಇಶಾಪುರದ ಕಪ್ಪು ಬಣ್ಣವೇ ದೊಡ್ಡ ರಕ್ಷಣೆ. ಎದ್ದ ಅಂಚುಗಳಿಗೆ ಒಲೆಗೆ ಹಚ್ಚುವ ಎನಾಮೆಲ್ ಹಚ್ಚಿ ಮುಚ್ಚಿದೆ. ಸಂಗ್ರಾಹಕರು ಮೂಗು ಮುರಿಯಬಹುದು, ಆದರೆ ಈ ಕೋವಿ ದುಡಿಯಲು ಬಂದದ್ದು.

ಗಾಡಿಯೊಳಗಿನ ಪೆಟ್ಟಿಗೆ

ಹಳೆಯ ಕಾಲದಲ್ಲಿ ಹಿಂದಿನ ಗಾಜಿಗೆ ಚೌಕಟ್ಟು ಹಾಕಿ ಕೋವಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತಿದ್ದರು. ಇಂದು ಹಾಗೆ ಮಾಡುವುದು ಕಳ್ಳನಿಗೆ ಆಮಂತ್ರಣ. ಗಾಡಿಯಿಂದ ಕದ್ದ ಕೋವಿ ಯಾರ ಕೈ ಸೇರುತ್ತದೆ, ಯಾರ ಪ್ರಾಣ ತೆಗೆಯುತ್ತದೆ ಎಂಬ ಚಿಂತೆ ಇಲ್ಲದವರು ಗಾಡಿಯಲ್ಲಿ ಕೋವಿ ಇಡಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಪೆಟ್ಟಿಗೆ ಮತ್ತು ಬೀಗದ ಖರ್ಚನ್ನು ಕೋವಿಯ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ಹಿಂದಿನ ಸೀಟಿನ ಕೆಳಗೆ ಅಡ್ಡಲಾಗಿ 120 ಸೆಂ.ಮೀ. ಜಾಗ ಸಿಕ್ಕಿತು, ಕೋವಿ ಅದರಲ್ಲಿ ಹಿಡಿಯುತ್ತದೆ. 2 ಮಿ.ಮೀ. ಉಕ್ಕಿನ ತಗಡಿನಲ್ಲಿ ಪೆಟ್ಟಿಗೆ ಬೆಸೆಸಿ, ಮುಚ್ಚಳದ ಕೀಲುಗಳನ್ನು ಒಳಗೇ ಇರಿಸಿದೆ. ಹೊರಗಿದ್ದರೆ ಉಳಿಯೇಟಿಗೆ ಹೋಗುತ್ತವೆ. ನೆಲಕ್ಕೆ ನಾಲ್ಕು ಬೋಲ್ಟ್, ಕೆಳಗಿನಿಂದ ಅಗಲವಾದ ತಗಡಿನ ಆಸರೆ. ಸೀಟ್ ಬೆಲ್ಟ್‌ ಬಿಗಿದಿರುವ ಬೋಲ್ಟ್‌ಗಳನ್ನು ಇದಕ್ಕೆ ಎರವಲು ಪಡೆಯಬಾರದು, ಅವುಗಳ ಮೇಲೆ ಜೀವ ನಿಂತಿದೆ. ತೂತು ಕೊರೆಯುವ ಮುನ್ನ ಗಾಡಿಯ ಅಡಿಗೆ ತೂರಿ ಇಂಧನದ ಕೊಳವೆ, ಬ್ರೇಕ್ ಕೊಳವೆ, ವೈರುಗಳು ಎಲ್ಲಿವೆ ಎಂದು ಗುರುತು ಹಾಕಿಕೊಂಡೆ.

ಒಳಗೆ ಉಣ್ಣೆಯ ಬಟ್ಟೆ ಹಾಸಬಾರದು, ತೇವ ಹಿಡಿದು ಲೋಹಕ್ಕೆ ದಾಟಿಸುತ್ತದೆ. ನೀರು ಹೀರದ ಫೋಮ್‌ನಲ್ಲಿ ಮೂರು ಆಸರೆ ಕತ್ತರಿಸಿ, ನಳಿಕೆಯ ತುದಿ ಯಾವುದಕ್ಕೂ ತಾಗದಂತೆ ಕೋವಿಯನ್ನು ಮಲಗಿಸಿದೆ. ಜೊತೆಗೆ ತೇವ ಹೀರುವ ಸಿಲಿಕಾ ಚೀಲ. ತೋಟಾಗಳು ಬೇರೆ ಡಬ್ಬಿಯಲ್ಲಿ, ಅದಕ್ಕೆ ಬೇರೆ ಬೀಗ. ಬೇಸಿಗೆಯಲ್ಲಿ ಆ ಡಬ್ಬಿಯನ್ನು ಬಿಸಿಲಿನ ಗಾಡಿಯಲ್ಲಿ ಬಿಡುವುದಿಲ್ಲ. ಕಾದ ಮದ್ದಿಗೆ ಒತ್ತಡ ಹೆಚ್ಚು. ರಾತ್ರಿ ಕೋವಿ ಮನೆಯೊಳಗಿನ ತಿಜೋರಿಗೆ ಹೋಗುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ. ಅರ್ಹರಾದ ವಯಸ್ಕರು ರೈಫಲ್ಲನ್ನು ವಾಹನದಲ್ಲಿ ಇಟ್ಟುಕೊಳ್ಳಲು ಟೆಕ್ಸಸ್‌ನಲ್ಲಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಶಾಲೆಯಿಂದ 1000 ಅಡಿಯೊಳಗಿನ ರಸ್ತೆಗೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಅನ್ವಯಿಸುತ್ತದೆ. ಅಲ್ಲಿ ಕೋವಿ ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಮಕ್ಕಳ ಕೈಗೆ ತುಂಬಿದ ಕೋವಿ ಸಿಗುವಂತೆ ಬಿಟ್ಟರೆ ರಾಜ್ಯದ ಕಾನೂನಿನಲ್ಲಿ ಅದು ಅಪರಾಧ. 2019ರಿಂದ, ಜಮೀನಿನ ಮಾಲೀಕರ ಒಪ್ಪಿಗೆ ಇದ್ದರೆ ಖಾಸಗಿ ಜಾಗದಲ್ಲಿ ಕಾಡುಹಂದಿ ಹೊಡೆಯಲು ಬೇಟೆ ಪರವಾನಗಿಯೂ ಬೇಡ. ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಮಾನ್ಯ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗೆಳೆಯನ ಜಮೀನಿನಲ್ಲಿ ಒಂದು ಗುಂಡು ಹಾರಿಸಿ ನೋಡೋಣ ಎನ್ನುವ ಮೊದಲು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಒಂದು ಬೇಸಿಗೆ ಕಳೆದ ಮೇಲೆ

ಮೂತಿಕಟ್ಟಿನ ಸ್ಕ್ರೂ ಕುಲುಕಾಟಕ್ಕೆ ಸಡಿಲವಾಗಿತ್ತು. ಬಿಚ್ಚಲು ಬರುವಂಥ ನೀಲಿ ಲಾಕ್‌ಟೈಟ್ ಒಂದು ಹನಿ ಹಾಕಿ ಬಿಗಿದೆ, ಆಮೇಲೆ ಅಲುಗಿಲ್ಲ. ಟ್ರಿಗರ್ ಕಾವಲಿನ ಮುಂದಿನ ಸ್ಕ್ರೂಗೆ ಮಾತ್ರ ಅದನ್ನು ಹಾಕಲಿಲ್ಲ. ಮರ ಹಿಗ್ಗಿ ಕುಗ್ಗುವುದರಿಂದ ಅದನ್ನು ಆಗಾಗ ಮುಟ್ಟಿ ನೋಡಿ ಬಿಗಿಯುತ್ತಿರಬೇಕಾಗುತ್ತದೆ. ಮುಂದಿನ ಮರದ ಹಿಂತುದಿಯ ಸಂದು ಹಾಗೆಯೇ ಇದೆ, ಅಂಟಿಸಿದ ಚಕ್ಕೆ ಕುಸಿದಿಲ್ಲ. ಬೋಲ್ಟಿನ ಹಿಡಿಕೆಯ ಬುಡದಲ್ಲಿ ತುಕ್ಕಿನ ಒಂದು ಚುಕ್ಕೆ ಕಂಡಿತು. ಬೆವರಿದ ಕೈ ತಾಗುವ ಜಾಗ ಅದು, ಅಲ್ಲಿಗೂ ಎನಾಮೆಲ್ ಹಚ್ಚಿದ್ದಾಗಿದೆ.

ಬಿಡಿಭಾಗಗಳಲ್ಲಿ ಮೊದಲು ತೆಗೆದಿಡಬೇಕಾದದ್ದು ತೋಟಾದ ಕೊಳವೆಯನ್ನು ಹೊರಗೆಳೆಯುವ ಕೊಕ್ಕೆ ಮತ್ತು ಅದರ ಸ್ಪ್ರಿಂಗ್. .303ರ ತೋಟಾಕ್ಕೆ ಬುಡದಲ್ಲಿ ಅಂಚು ಹೊರಚಾಚಿರುತ್ತದೆ, 7.62ಕ್ಕೆ ಅದಿಲ್ಲ. ಹಾಗಾಗಿ ಕೊಕ್ಕೆ ಬೇರೆ, ಬೋಲ್ಟ್ ತಲೆಯೂ ಬೇರೆ. .303 ಎಂದು ಮಾರುವ ಸಾಮಾನು ಹೆಸರಿಗೆ ಲೀ-ಎನ್‌ಫೀಲ್ಡ್‌ದೇ ಆದರೂ ಇದಕ್ಕೆ ಬರುವುದಿಲ್ಲ. ಮ್ಯಾಗಜಿನ್ ಕೂಡ 2ಎ1ರದೇ ಆಗಬೇಕು. ಹಳೆಯ ಸೇನಾ ಸಾಮಾನು ಮಾರುವವರ ಬಳಿ ಈಗಲೂ ಸಿಗುತ್ತವೆ, ಆದರೆ ಹೊಸದಾಗಿ ಯಾರೂ ಮಾಡುತ್ತಿಲ್ಲ. ಕೋವಿ ಕೊಂಡ ವಾರದಲ್ಲೇ ಇವನ್ನು ಕೊಂಡು ಹಿಡಿಯ ಗೂಡಿನಲ್ಲಿ, ಎಣ್ಣೆ ಬಾಟಲಿಯ ಪಕ್ಕ, ಬಟ್ಟೆ ಸುತ್ತಿ ಇಡಿ. ದೊಡ್ಡದಾದ ಮ್ಯಾಗಜಿನ್ ಮಾತ್ರ ಪೆಟ್ಟಿಗೆಯ ಮೂಲೆಗೆ.